ಮೆರೆರಿಡ್ ಆಡಿಸದ ಹುಡುಗಿ

ಕುಮ್ ಲೆಖಿ, ಉತ್ತರ ವೇಲ್ಸ್
9 ಮಾರ್ಚ್ 1997

ಓಡಿಹೋದ ಶುವಾನ್‌ಗೆ,

ನಿನ್ನ ಜಾಗ ಆಗಲೇ ತುಂಬಿತು ಎಂದು ಬರೆದು ನಿನ್ನ ಹೊಟ್ಟೆ ಉರಿಸಬೇಕೆಂದಿದ್ದೆ. ತುಂಬಿಲ್ಲ. ನಿನ್ನೆ ಕಡಲ ಕಡೆಯವರ ಎದುರು ಇದ್ವಾಲ್ ನನ್ನ ಪಕ್ಕ ಡೆಲಿಥ್‌ಳನ್ನು ನಿಲ್ಲಿಸಿದ. ಒಳ್ಳೆಯ ಹುಡುಗಿ, ಕಾಲು ಗಟ್ಟಿ, ಆದರೆ ಬಾಯಿ ಇಲ್ಲ. ಏಳು ವರ್ಷ ನೀನು ನನ್ನ ಎಡಕ್ಕೆ ನಿಂತು ಅರಚಿದ್ದಕ್ಕೆ ನನ್ನ ಆ ಕಿವಿ ಮಂದವಾಗಿದೆ ಎಂದು ಬೈಯುತ್ತಿದ್ದೆನಲ್ಲ, ನಿನ್ನೆ ಆ ಕಿವಿ ಸುಮ್ಮನೆ ಖಾಲಿ ಇತ್ತು. ನನ್ನ ಬೆನ್ನ ಹಿಂದೆ ಯಾರು ಓಡುತ್ತಿದ್ದಾರೆಂದು ಹೇಳುವವರಿಲ್ಲ. ಎರಡು ಗೋಲು ಬಿಟ್ಟುಕೊಟ್ಟೆವು.

ಆಟದ ನಡುವೆ ಮೇಲಿನ ಗುಡ್ಡದಿಂದ ಕುರಿಗಳು ಇಳಿದು ಬಂದವು. ಇದ್ವಾಲ್ ಅವುಗಳನ್ನು ಓಡಿಸುತ್ತ, "ಪಾಠ ಹೇಳೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಆ ಹುಡುಗಿ? ಇಲ್ಲೇ ಇವಕ್ಕೆ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದ. ಹಗಲೆಲ್ಲ ಕಲ್ಲಿನ ಲಾರಿ ಓಡಿಸಿ ಬಂದು ಸಂಜೆ ನಮ್ಮಂಥ ಹೆಂಗಸರಿಗೆ ಕಾಲ್ಚೆಂಡಾಟ ಕಲಿಸುವವನಿಗೆ ಅಷ್ಟು ಬೇಸರ ಇರಬೇಕಾದದ್ದೇ.

ಇನ್ನೊಂದು ಸುದ್ದಿ. ನಿನ್ನ ತಂಗಿ ಟೆಸ್ನಿಗೆ ಹನ್ನೆರಡು ತುಂಬಿತಲ್ಲ, ಇನ್ನು ಹುಡುಗರ ಜೊತೆ ಆಡುವಂತಿಲ್ಲ ಎಂದು ಅವರ ತಂಡದವರು ಕಳಿಸಿಬಿಟ್ಟರು. ಮಂಗಳವಾರ ಬೂಟು ಕೈಯಲ್ಲಿ ಹಿಡಿದು ನಮ್ಮ ಮೈದಾನಕ್ಕೆ ಬಂದಳು. ಅತ್ತು ಕಣ್ಣು ಊದಿತ್ತು, ಮಾತು ಮಾತ್ರ ಖಡಕ್ಕು. "ಅಕ್ಕನ ಜಾಗ ಖಾಲಿ ಇದೆಯಂತಲ್ಲ" ಅಂದಳು. ನಾವು ನಕ್ಕೆವು. ಅವಳು ನಗಲಿಲ್ಲ.

ಒಂದು ವರ್ಷ ಅಂದರೆ ಒಂದೇ ವರ್ಷ, ನೆನಪಿರಲಿ.

ಮೆರೆರಿಡ್


ಟ್ರೆವೆಲಿನ್, ಪ್ಯಾಟಗೋನಿಯಾ
25 ಮೇ 1997

ಮೆರೆ,

ನಿನ್ನ ಪತ್ರ ಬರುವಷ್ಟರಲ್ಲಿ ಇಲ್ಲಿ ಚಳಿ ಶುರುವಾಯಿತು. ನಿಮಗೆ ಬೇಸಿಗೆ, ನನಗೆ ಚಳಿ; ಇದಕ್ಕೆ ಇನ್ನೂ ಒಗ್ಗಿಲ್ಲ. ಗಾಳಿ ಎಂದರೆ ಎಂಥ ಗಾಳಿ ಎಂದುಕೊಂಡಿದ್ದೀಯ! ಚೆಂಡನ್ನು ಮೇಲೆ ಒದ್ದರೆ ಅದು ನಿನ್ನ ತಲೆಯ ಮೇಲೆಯೇ ವಾಪಸು ಬೀಳುತ್ತದೆ.

ಮಕ್ಕಳು ಒಳ್ಳೆಯವರು. ಮುತ್ತಜ್ಜಿಯರು ವೇಲ್ಸಿನಿಂದ ಹಡಗಿನಲ್ಲಿ ತಂದ ನಮ್ಮ ಮಾತು ಇವರ ಬಾಯಲ್ಲಿ ಅರ್ಧ ಉಳಿದಿದೆ, ಉಳಿದರ್ಧ ಸ್ಪ್ಯಾನಿಷ್. ಇಲ್ಲೊಬ್ಬಳು ಅಜ್ಜಿ ನನ್ನ ಕೈ ಹಿಡಿದು, "ನಿಮ್ಮ ಕಡೆ ದಿನಾ ಮಳೆ ಬರುತ್ತಂತೆ, ಹೌದಾ ಮಗಾ?" ಎಂದು ಕೇಳಿದಳು, ದೇವಲೋಕದ ಬಗ್ಗೆ ಕೇಳುವ ಹಾಗೆ. ಹೌದಜ್ಜಿ, ಬಟ್ಟೆ ಒಣಗುವುದೇ ಇಲ್ಲ ಅಂದೆ. ಅವಳಿಗೆ ಬಹಳ ಸಂತೋಷವಾಯಿತು.

ನಾನು ದೇಶದ ತಂಡಕ್ಕೆ ಆಡಿದ್ದೇನೆ ಎಂದರೆ ಹುಡುಗರು ನಂಬುವುದಿಲ್ಲ. "ಟೀಚರ್, ಹೆಂಗಸ್ರಿಗೆ ತಂಡ ಇರುತ್ತಾ? ನಿಮ್ಮದು ರೈಲು ಬಿಡೋದೇ ಜಾಸ್ತಿ" ಅನ್ನುತ್ತಾರೆ. ಅವರನ್ನು ದೂರಿ ಏನು? ನಾನು ದೇಶದ ಕೆಂಪು ಅಂಗಿ ತೊಟ್ಟದ್ದು ಒಂದೇ ಸಲ, ಅದೂ ಆಟದ ಕೊನೆಗೆ, ಸೋತಾಗಿತ್ತು. ಚೆಂಡು ಮುಟ್ಟಿದ್ದೆನೋ ಇಲ್ಲವೋ ಅದೂ ನೆನಪಿಲ್ಲ.

ಶಾಲೆಯ ಬಸ್ಸು ಓಡಿಸುವ ಆಲ್ಡೊ ರಾಬರ್ಟ್ಸ್ ನನ್ನ ಮನೆಯ ಒಲೆ ಸರಿಮಾಡಿಕೊಟ್ಟ. ಅವನ ಬಗ್ಗೆ ಬರೆಯುವಂಥದ್ದೇನಿಲ್ಲ. ನಮ್ಮ ಭಾಷೆಯಲ್ಲಿ ಹಾಡುತ್ತಾನೆ, ಅರ್ಥ ಗೊತ್ತಿಲ್ಲದೆ. ಭಾನುವಾರ ಅವನು ಕುರಿ ಸುಡುವುದನ್ನು ಕಲಿಸಿದ. ಅಷ್ಟೇ.

ಟೆಸ್ನಿ ತಾನಾಗಿ ಬಂದಿದ್ದಾಳೆ, ವಾಪಸು ಕಳಿಸಬೇಡ. ಅಮ್ಮನಿಗೆ ಹೇಗಾದರೂ ಹೇಳು. ನಾನು ಆಡುವಾಗಲೇ ಅಮ್ಮ ಒಂದು ದಿನವೂ ನೋಡಲು ಬಂದವಳಲ್ಲ.

ಶುವಾನ್


ಕುಮ್ ಲೆಖಿ
22 ನವೆಂಬರ್ 1998

ಶ್ರೀಮತಿ ರಾಬರ್ಟ್ಸ್ ಅವರಿಗೆ,

ಬರೆಯುವಂಥದ್ದೇನಿಲ್ಲದವನನ್ನೇ ಕಟ್ಟಿಕೊಂಡೆ! ಫೋಟೋ ನೋಡಿದೆ. ಅವನ ಕಿವಿ ದೊಡ್ಡದು, ಮುಖ ಒಳ್ಳೆಯದು. ನಿಮ್ಮಮ್ಮ ಫೋಟೋವನ್ನು ಚಾಪೆಲ್‌ಗೆ ತಂದು ಎಲ್ಲರಿಗೂ ತೋರಿಸಿದಳು, ಆಮೇಲೆ ಅಲ್ಲಿನ ಅಡುಗೆಮನೆಗೆ ಹೋಗಿ ಒಬ್ಬಳೇ ಕಪ್ಪು ತೊಳೆದಳು. ಯಾರೂ ಹತ್ತಿರ ಹೋಗಲಿಲ್ಲ.

ದೇಶದ ತಂಡದ ಜೊತೆ ಬೆಲ್ಜಿಯಮ್‌ಗೆ ಹೋಗಿ ಬಂದೆವು. ಸೊನ್ನೆ-ಸೊನ್ನೆ. ನೋಡುವವರಿಗೆ ಅದು ಬೇಸರದ ಆಟ. ನಮ್ಮಂಥ ಹಿಂದೆ ನಿಲ್ಲುವವರಿಗೆ ಅದಕ್ಕಿಂತ ಹಬ್ಬ ಇಲ್ಲ. ಅವರ ಎತ್ತರದ ಹುಡುಗಿ ಕೊನೆಯವರೆಗೂ ನನ್ನ ನೆರಳಿನಲ್ಲೇ ಇದ್ದಳು, ಮುಗಿದ ಮೇಲೆ ಬಂದು ನನ್ನ ಕೆನ್ನೆ ಹಿಂಡಿದಳು. ಪ್ರೀತಿಯೋ ಸಿಟ್ಟೋ ಗೊತ್ತಾಗಲಿಲ್ಲ.

ಮಂಡಿ ಸ್ವಲ್ಪ ತಿರುಚಿಕೊಂಡಿದೆ. ಏನಿಲ್ಲ, ಬಿಗಿದು ಕಟ್ಟಿಕೊಂಡು ಆಡುತ್ತೇನೆ. ಬೆಳಗ್ಗೆ ಅಂಚೆ ಹಂಚುವಾಗ ನಿಮ್ಮ ಬೀದಿಯ ಮೆಟ್ಟಿಲು ಹತ್ತುವುದು ಮಾತ್ರ ಬೇಡವೆನಿಸುತ್ತದೆ. ನಿಮ್ಮಮ್ಮ ಕಿಟಕಿಯಿಂದ ನೋಡಿ ಕೆಳಗೇ ಇಳಿದು ಬಂದು ಕಾಗದ ತೆಗೆದುಕೊಳ್ಳುತ್ತಾಳೆ. ಏನೂ ಕೇಳುವುದಿಲ್ಲ.

ನೀನು ಬರುವುದಿಲ್ಲ ಎಂದು ಈಗ ಗೊತ್ತಾಯಿತು. ಇನ್ನು ಕೇಳುವುದಿಲ್ಲ.

ಮೆರೆರಿಡ್


ಟ್ರೆವೆಲಿನ್
17 ಜನವರಿ 1999

ನನ್ನ ಮುದುಕಿ ಮೆರೆ,

ನಿನ್ನ ಮಂಡಿ ಇಪ್ಪತ್ತೇಳಕ್ಕೇ ಅಜ್ಜಿಯಾಯಿತೆ? ಆಲ್ಡೊನ ಚಿಕ್ಕಮ್ಮ ಕುರಿಯ ಕೊಬ್ಬಿಗೆ ಎಂಥದೋ ಸೊಪ್ಪು ಕಲಸಿ ಹಚ್ಚುತ್ತಾಳೆ. ಡಬ್ಬಿ ಕಳಿಸಲೇ? ಅಂಚೆಯವರು ಮೂಗು ಮುಚ್ಚಿಕೊಂಡು ತರಬೇಕು. ಅಂದರೆ ನೀನೇ!

ನಿನ್ನ ಕಾಲು ನಿಂತಿದ್ದು ನಾನು ನೋಡಿದ್ದೇ ಇಲ್ಲ. ನನ್ನ ಪಾಲಿನದನ್ನೂ ನೀನೇ ಆಡಿಬಿಡು. ಇಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ, ನನ್ನ ಗೆಳತಿ ದೇಶದ ತಂಡದ ಬಾಗಿಲು ಕಾಯುವವಳು ಎಂದು.

ಏಪ್ರಿಲ್‌ನಲ್ಲಿ ನಮ್ಮ ಮನೆಗೆ ಮೂರನೆಯವರು ಬರುತ್ತಾರೆ. ಗಂಡಾದರೆ ಇವಾನ್.

ಶುವಾನ್


ಕುಮ್ ಲೆಖಿ
30 ಸೆಪ್ಟೆಂಬರ್ 2000

ಶುವಾನ್,

ಇಷ್ಟು ದಿನ ಬರೆಯಲಿಲ್ಲ. ಮಗುವಿನ ಫೋಟೋ ಬಂತು, ಅದಕ್ಕೂ ಉತ್ತರ ಕೊಡಲಿಲ್ಲ. ಕೆಲಸ ಜಾಸ್ತಿ ಇತ್ತು ಎಂದು ಬರೆದರೆ ನೀನು ನಂಬುವುದಿಲ್ಲ.

ನಾನು ಈಗ ಆಡುವುದಿಲ್ಲ. ಮಂಡಿಗೆ ಎರಡು ಸಲ ಕತ್ತರಿ ಹಾಕಿದರು. ನಡೆಯಲು ಅಡ್ಡಿ ಇಲ್ಲ. ಅಂಚೆ ಕಚೇರಿಯವರು ನನಗೆ ವ್ಯಾನು ಕೊಟ್ಟಿದ್ದಾರೆ, ಮೆಟ್ಟಿಲು ಹತ್ತುವ ಬೀದಿಗಳಲ್ಲಿ ನಿಮ್ಮದೊಂದನ್ನು ಬಿಟ್ಟು ಉಳಿದವನ್ನು ಬೇರೆಯವರಿಗೆ ಹಂಚಿದ್ದಾರೆ. ಇದರ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ.

ಇದ್ವಾಲ್ ತಂಡವನ್ನು ನನ್ನ ಕೈಗೆ ಕೊಟ್ಟ. "ನನಗೆ ವಯಸ್ಸಾಯ್ತು, ನಿನಗೆ ಕೆಲಸ ಬೇಕು" ಅಂದ. ತರಬೇತುದಾರರ ಪರೀಕ್ಷೆಗೂ ಹೋದೆ, ದಕ್ಷಿಣಕ್ಕೆ, ಒಂದು ವಾರ. ಕೋಣೆ ತುಂಬ ಗಂಡಸರು. ಬಾಗಿಲಲ್ಲಿದ್ದವನು ನನ್ನ ನೋಡಿ, "ಚಹಾ ಆ ಕಡೆ ಮೇಜಿನ ಮೇಲೆ ಇಡಮ್ಮಾ" ಅಂದ. "ಇಡೋಕೆ ಬಂದಿಲ್ಲ, ಕುಡಿಯೋಕೆ ಬಂದೆ" ಅಂದೆ. ಪಾಪ, ಕೆಂಪಾಗಿಹೋದ. ಆಮೇಲೆ ವಾರವಿಡೀ ನನಗೆ ಅವನೇ ಚಹಾ ತಂದುಕೊಟ್ಟ. ಕೊನೆಯ ದಿನ, ನಾಲ್ವರು ಹಿಂದಿನವರು ಒಟ್ಟಿಗೆ ಹೇಗೆ ಸರಿಯಬೇಕೆಂದು ಅವರಿಗೆಲ್ಲ ತೋರಿಸಿಕೊಟ್ಟೆ. ನೀನು ಹೇಗೆ ಅರಚುತ್ತಿದ್ದೆಯೋ ಹಾಗೇ ಅರಚಿದೆ. ಪಾಸಾದೆ.

ಹುಡುಗಿಯರಿಗೆ ಕಲಿಸುವಾಗ ಒಮ್ಮೊಮ್ಮೆ ಮರೆತು ಓಡಲು ಹೊರಡುತ್ತೇನೆ.

ಇವಾನ್‌ನ ಕೆನ್ನೆಗೆ ನನ್ನ ಪರವಾಗಿ ಮುತ್ತು.

ಮೆರೆರಿಡ್


ಟ್ರೆವೆಲಿನ್
11 ನವೆಂಬರ್ 2000

ಮೆರೆ,

ನಿನ್ನ ಪತ್ರವನ್ನು ಹಿತ್ತಲಲ್ಲಿ ಕೂತು ಓದಿದೆ. ನೀನು ಮೊದಲ ಸಲ ಮಂಡಿಯ ಮಾತು ಎತ್ತಿದಾಗ ನಾನು ಕುರಿಯ ಕೊಬ್ಬಿನ ತಮಾಷೆ ಮಾಡಿದ್ದೆ. ಅದಕ್ಕೇ ನೀನು ಬರೆಯುವುದು ಬಿಟ್ಟೆಯಾ? ಇಷ್ಟು ದೊಡ್ಡ ವಿಷಯವನ್ನು ಅಮ್ಮನೂ ಫೋನಿನಲ್ಲಿ ಹೇಳಲಿಲ್ಲ. "ಅವಳೇ ಹೇಳಲಿ ಅಂತಿದ್ದೆ" ಅಂದಳು. ನಿಮ್ಮೂರಲ್ಲಿ ಎಲ್ಲರೂ ಕಲ್ಲಿನಿಂದಲೇ ಹುಟ್ಟಿದವರು. ನಮ್ಮೂರು ಎಂದು ಬರೆಯಬೇಕಿತ್ತು, ಕೈ ತಪ್ಪಿತು.

ಒಂದು ಮಾತು ಕೇಳುತ್ತೇನೆ. ಟೆಸ್ನಿಗೆ ಹದಿನೈದು. ಫೋನಿನಲ್ಲಿ ಅವಳಿಗೆ ನಿನ್ನದೇ ಮಾತು: ಮೆರೆರಿಡ್ ಹೀಗೆ ಅಂದಳು, ಮೆರೆರಿಡ್ ಹಾಗೆ ಅಂದಳು. ನನಗೆ ಸಿಕ್ಕ ಕೆಂಪು ಅಂಗಿ ನೋಡಿ ಮುಗಿಯುವುದರೊಳಗೆ ಬಿಚ್ಚಿಡಬೇಕಾಯಿತು. ಅವಳಿಗೆ ಹಾಗಾಗಬಾರದು. ಅವಳನ್ನು ನಿನ್ನ ಕೈಗೆ ಕೊಟ್ಟಿದ್ದೇನೆ. ದೇಶದ ಹಾಡಿಗೆ ಅವಳು ಸಾಲಿನಲ್ಲಿ ನಿಲ್ಲುವುದನ್ನು ನೋಡಲು ನಾನು ಈಜಿಯಾದರೂ ಬರುತ್ತೇನೆ.

ಶುವಾನ್


ಕುಮ್ ಲೆಖಿ
6 ಜೂನ್ 2004

ಪ್ರೀತಿಯ ಶುವಾನ್,

ಪತ್ರ ಬರೆಯುವುದರಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಮೀರಿಸುವ ಸೋಮಾರಿಗಳು. ಈ ಸಲ ನಿಜವಾಗಿಯೂ ಬರೆಯಲು ಕಾರಣವಿದೆ.

ನಾವು ಕಪ್ ಗೆದ್ದೆವು. ಕುಮ್ ಲೆಖಿ! ಮಳೆನೀರು ಹೊರಗೆ ಹೋಗದ ನಮ್ಮ ಮೈದಾನದ ತಂಡ, ದಕ್ಷಿಣದ ದೊಡ್ಡ ಊರಿನವರನ್ನು ಸೋಲಿಸಿ! ಐದು ಗಂಟೆ ಆ ಅಂಕುಡೊಂಕು ರಸ್ತೆಯಲ್ಲಿ ಹೋಗುವಾಗ ಅರ್ಧ ತಂಡ ವಾಂತಿ ಮಾಡಿಕೊಂಡಿತ್ತು. ಬರುವಾಗ ಅದೇ ರಸ್ತೆಯುದ್ದಕ್ಕೂ ಹಾಡು.

ಟೆಸ್ನಿಯ ಬಗ್ಗೆ ಏನು ಬರೆಯಲಿ? ನಾನು ಕಲಿಸಿದ್ದನ್ನು ಮಾಡುತ್ತಾಳೆ ಎಂದರೆ ಸುಳ್ಳಾಗುತ್ತದೆ. ನಾನು ಕಲಿಸದ್ದನ್ನು ಮಾಡುತ್ತಾಳೆ. ಎದುರಾಳಿ ಎಲ್ಲಿಗೆ ಹೊರಟಿದ್ದಾಳೆಂದು ಅವಳಿಗಿಂತ ಮೊದಲು ಇವಳಿಗೆ ಗೊತ್ತು. ಕಾಲು ಹಾಕುವುದೇ ಇಲ್ಲ, ಸುಮ್ಮನೆ ಅಲ್ಲಿ ನಿಂತಿರುತ್ತಾಳೆ, ಚೆಂಡು ತಾನಾಗಿ ಬರುತ್ತದೆ. ಎತ್ತರದ ಚೆಂಡಿಗೆ ಮಾತ್ರ ಹುಚ್ಚಿಯ ಹಾಗೆ ತಲೆ ಕೊಡುತ್ತಾಳೆ. ಬೈದರೆ, "ತಲೆ ಇರೋದೇ ಅದಕ್ಕೆ" ಅನ್ನುತ್ತಾಳೆ.

ನಿಮ್ಮಮ್ಮ ಬಂದಿದ್ದಳು. ಹೌದು, ಅಷ್ಟು ದೂರ! ಛತ್ರಿ ಹಿಡಿದು ಗೆರೆಯ ಪಕ್ಕ ನಿಂತು, ಕೊನೆಗೆ ನನ್ನ ಹತ್ತಿರ ಬಂದು, "ಇದಕ್ಕೇನಾ ನೀವೆಲ್ಲ ಇಷ್ಟು ವರ್ಷ ಒದ್ದಾಡಿದ್ದು?" ಎಂದಳು. "ಇದಕ್ಕೇ" ಅಂದೆ. "ಚೆನ್ನಾಗಿದೆ" ಎಂದು ಮೂಗು ಒರೆಸಿಕೊಂಡಳು.

ಮೆರೆರಿಡ್


ಟ್ರೆವೆಲಿನ್
30 ಅಕ್ಟೋಬರ್ 2004

ಮೆರೆ, ಮೆರೆ, ಮೆರೆ,

ಟೆಸ್ನಿ ಫೋನು ಮಾಡಿದ್ದಳು. ದೇಶದ ತಂಡದ ಪಟ್ಟಿಯಲ್ಲಿ ಅವಳ ಹೆಸರು! ಮುಂದಿನ ತಿಂಗಳು ಆಟ. ಆಲ್ಡೊ ಕುರಿ ಕಡಿಯಲು ಹೊರಟಿದ್ದ, ಆಟ ಮುಗಿಯಲಿ ಎಂದು ತಡೆದೆ. ಇವಾನ್ ಬೀದಿಯಲ್ಲೆಲ್ಲ ಸಾರಿಕೊಂಡು ಬಂದ. ಆ ಮಳೆಯ ಅಜ್ಜಿ ಈಗಿಲ್ಲ, ಇದ್ದಿದ್ದರೆ ಮೊದಲು ಅವಳಿಗೆ ಹೇಳುತ್ತಿದ್ದೆ.

ನಿನಗೂ ಆ ತಂಡದಲ್ಲಿ ಸಹ ತರಬೇತುದಾರಳ ಕೆಲಸ ಸಿಗುವ ಮಾತಿದೆಯಂತೆ, ಅಮ್ಮ ಹೇಳಿದಳು. ನೀನು ಬಾಯಿ ಬಿಡಲಿಲ್ಲ. ನೀವಿಬ್ಬರೂ ಒಂದೇ ಗೆರೆಯ ಬಳಿ, ಯೋಚಿಸು!

ಬರಲು ಆಗುವುದಿಲ್ಲ. ಎರಡನೆಯದು ಹೊಟ್ಟೆಯಲ್ಲಿದೆ, ಡಾಕ್ಟರು ವಿಮಾನ ಬೇಡವೆಂದರು. ನೀನು ನೋಡಿದ್ದನ್ನೆಲ್ಲ ಬರೆ. ಅವಳು ಯಾವ ಕಾಲು ಮೊದಲು ಇಟ್ಟು ಮೈದಾನಕ್ಕೆ ಇಳಿದಳು ಎಂಬುದನ್ನೂ.

ನಿನ್ನ ಶುವಾನ್


ಟ್ರೆವೆಲಿನ್
28 ನವೆಂಬರ್ 2004

ಮೆರೆರಿಡ್,

ಟೆಸ್ನಿ ಆಡಲಿಲ್ಲ. ಯಾಕೆಂದು ನೀನು ಬರೆಯುತ್ತೀಯ ಎಂದು ಕಾದೆ. ಕೊನೆಗೆ ಅವಳೇ ಹೇಳಿದಳು. ಮುಖ್ಯ ತರಬೇತುದಾರ ನಿನಗೆ ಫೋನು ಮಾಡಿ ಅವಳ ಬಗ್ಗೆ ಕೇಳಿದನಂತೆ, ನೀನು ಬೇಡ ಎಂದೆಯಂತೆ. ಅದೇ ವಾರ ನಿನಗೆ ಆ ಕೆಲಸವೂ ಬಂತಂತೆ.

ಅಳುತ್ತ ಹೇಳಿದಳು. "ಅವಳು ಒಂದು ಮಾತು ಹೂಂ ಅಂದಿದ್ರೆ ಆಗ್ತಿತ್ತು ಅಕ್ಕ" ಎಂದಳು. ಮುಂದೆ ಕೇಳಿದರೆ ಫೋನು ಇಟ್ಟಳು.

ನಾನು ಎಲ್ಲ ಕಡೆಯಿಂದಲೂ ಯೋಚಿಸಿ ನೋಡಿದೆ. ಊರಿನವಳನ್ನೇ ತಂಡಕ್ಕೆ ತಂದಳು ಎಂದು ಯಾರಾದರೂ ಆಡಿಕೊಂಡಾರು ಎಂಬ ಭಯವೇ? ಇಲ್ಲ, ನಿನಗಾದದ್ದು ಅವಳಿಗೂ ಆಗಲಿ ಎಂದೇ? ಇದನ್ನು ಬರೆಯಬಾರದು ಎಂದು ಗೊತ್ತು. ಬರೆದಿದ್ದೇನೆ. ನಿನ್ನ ಕೈಗೆ ಕೊಟ್ಟಿದ್ದೆ ಅವಳನ್ನು.

ಶುವಾನ್ ರಾಬರ್ಟ್ಸ್


ಕುಮ್ ಲೆಖಿ
19 ಡಿಸೆಂಬರ್ 2004

ಶುವಾನ್,

ನಾನೇ ಬೇಡ ಎಂದೆ. ಅದು ನಿಜ. ಕಾರಣ ಹೇಳುವುದು ನನ್ನ ಕೈಯಲ್ಲಿಲ್ಲ. ಟೆಸ್ನಿಯನ್ನು ಇನ್ನೊಮ್ಮೆ ಕೇಳು. ಅವಳು ಹೇಳದಿದ್ದರೆ ಇನ್ನೊಮ್ಮೆ ಕೇಳು.

ಹೆರಿಗೆ ಸಲೀಸಾಗಲಿ.

ಮೆರೆರಿಡ್


ಕುಮ್ ಲೆಖಿ
4 ಸೆಪ್ಟೆಂಬರ್ 2005

ಶುವಾನ್,

ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೆಣ್ಣುಮಗುವಂತೆ, ನಿಮ್ಮಮ್ಮ ಹೇಳಿದಳು. ಈಗ ನನ್ನ ವ್ಯಾನು ಕಂಡರೆ ಅವಳು ಒಳಗೇ ಇರುತ್ತಾಳೆ, ಕಾಗದವನ್ನು ಬಾಗಿಲ ಸೀಳಿನಲ್ಲಿ ಹಾಕಿ ಬರುತ್ತೇನೆ. ಮಗುವಿನ ವಿಷಯ ಮಾತ್ರ ಅಂಗಡಿಯಲ್ಲಿ ಸಿಕ್ಕಾಗ ತಡೆಯಲಾಗದೆ ಹೇಳಿಬಿಟ್ಟಳು.

ಟೆಸ್ನಿ ನಮ್ಮ ತಂಡ ಬಿಟ್ಟು ಗಡಿಯಾಚೆ ಇಂಗ್ಲೆಂಡಿನ ತಂಡವೊಂದಕ್ಕೆ ಸೇರಿದ್ದಾಳೆ. ಇದು ನಿನಗೆ ಗೊತ್ತಿರುತ್ತದೆ. ನಾನು ಅಲ್ಲಿಗೆ ಹೋಗಿದ್ದೆ, ಇದು ಗೊತ್ತಿರಲಿಕ್ಕಿಲ್ಲ. ಗಾಡಿ ನಿಲ್ಲಿಸುವಲ್ಲಿ ನನ್ನನ್ನು ಕಂಡು, "ಇಲ್ಲೂ ಬಾಗಿಲು ಹಾಕೋಕೆ ಬಂದ್ಯಾ?" ಎಂದಳು. "ಡಾಕ್ಟರ ಹತ್ರ ಹೋದ್ಯಾ?" ಎಂದೆ. "ನೀನು ಈಗ ನನ್ನ ಕೋಚ್ ಅಲ್ಲ" ಎಂದಳು. ನಿಜವೇ. ಅವರ ಕೋಚನ್ನು ಹುಡುಕಿ ಮಾತಾಡಿದೆ. ಆತ ನಕ್ಕು, "ಒಳ್ಳೆ ಆಟಗಾರ್ತಿ ಹೋದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ ಬಿಡಿ" ಎಂದ.

ನನಗೆ ಇನ್ನೇನು ಮಾಡಬೇಕೋ ತೋಚಲಿಲ್ಲ. ವಾಪಸು ಬಂದೆ. ಇಷ್ಟು ಬರೆದದ್ದರಲ್ಲೇ ಅವಳಿಗೆ ಕೊಟ್ಟ ಮಾತನ್ನು ಅರ್ಧ ಮುರಿದಿದ್ದೇನೆ. ನೀನು ಅರ್ಥ ಮಾಡಿಕೊಳ್ಳಬೇಕೆಂದೇ ಮುರಿದಿದ್ದೇನೆ.

ಮೆರೆರಿಡ್


ಟ್ರೆವೆಲಿನ್
3 ಫೆಬ್ರವರಿ 2006

ಮೆರೆರಿಡ್,

ನಿನಗೆ ಊರಲ್ಲೇ ಗೊತ್ತಾಗಿರುತ್ತದೆ. ಆದರೂ ನಾನು ಬರೆಯಬೇಕು.

ಜನವರಿಯಲ್ಲಿ ಆಡುವಾಗ ಇನ್ನೊಬ್ಬಳ ತಲೆಗೆ ಟೆಸ್ನಿಯ ತಲೆ ಬಡಿಯಿತು. ಎದ್ದು ನಿಂತು ಆಡಿದಳಂತೆ. ಆಮೇಲೆ ಬಿದ್ದಳು. ಅಮ್ಮ ಆಸ್ಪತ್ರೆಗೆ ಹೋದಾಗ ಅಮ್ಮನನ್ನು ಶುವಾನ್ ಎಂದು ಕರೆದಳಂತೆ. ಮೂರು ದಿನ ಹಾಗೇ ಕರೆದಳಂತೆ. ಅಮ್ಮ ಸರಿಪಡಿಸಲಿಲ್ಲ, ಹೂಂ ಹೂಂ ಎಂದಳಂತೆ. ಇಷ್ಟು ದೂರ ಕೂತು ಫೋನಿನಲ್ಲಿ ಇದನ್ನೆಲ್ಲ ಕೇಳುವುದು ಹೇಗಿರುತ್ತದೆಂದು ನಿನಗೆ ಹೇಳಲಾರೆ.

ಈಗ ಜೀವಕ್ಕೆ ಭಯವಿಲ್ಲ. ಬೆಳಕು ಕಂಡರೆ ತಲೆನೋವು, ಮಾತಿನ ಮಧ್ಯೆ ಶಬ್ದ ಸಿಗುವುದಿಲ್ಲ. ಇನ್ನು ಯಾವತ್ತೂ ಆಡುವಂತಿಲ್ಲ. ಡಾಕ್ಟರು ಅಮ್ಮನಿಗೆ, ಇದು ಮೊದಲನೆಯದಲ್ಲ, ಒಂದು ವರ್ಷದ ಹಿಂದೆಯೇ ಎಚ್ಚರಿಸಿದ್ದರಲ್ಲ ಎಂದಾಗ ಎಲ್ಲ ಹೊರಗೆ ಬಂತು. ಆಗ ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದವಳು ನೀನು ಎಂಬುದೂ.

ನಿನ್ನ ಬಗ್ಗೆ ನಾನು ಬರೆದದ್ದು ತಪ್ಪು. ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಸಿಟ್ಟು ಪೂರ್ತಿ ಹೋಗಿದೆ ಎಂದು ತಿಳಿಯಬೇಡ. ಅವಳು ಹೇಳಬೇಡ ಎಂದಳು, ನೀನು ಹೇಳಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯ ಮಾತಿಗೆ ಅಷ್ಟು ಬೆಲೆ ಕೊಟ್ಟೆ. ನನಗೊಂದು ಸಾಲು ಬರೆದಿದ್ದರೆ, ಅಮ್ಮ ಆ ಬೂಟುಗಳನ್ನು ಒಲೆಗೆ ಹಾಕುತ್ತಿದ್ದಳು. ಅವಳು ಗಡಿ ದಾಟುತ್ತಿರಲಿಲ್ಲ. ನಿನ್ನ ಸೆಪ್ಟೆಂಬರಿನ ಪತ್ರವನ್ನು ನಾನು ಒಡೆಯದೆ ಇಟ್ಟಿದ್ದೆ. ಆಸ್ಪತ್ರೆಯ ಸುದ್ದಿ ಬಂದ ಮೇಲೆ ಒಡೆದೆ.

ಏನಾಯಿತು ಎಂದು ನನಗೆ ಪೂರ್ತಿ ಬರೆ. ಈ ಸಲ ಏನೂ ಬಿಡಬೇಡ.

ಶುವಾನ್


ಕುಮ್ ಲೆಖಿ
5 ಮಾರ್ಚ್ 2006

ಶುವಾನ್,

ಪೂರ್ತಿ ಬರೆಯುತ್ತೇನೆ.

ಕಪ್ ಗೆದ್ದ ವರ್ಷ ಅಕ್ಟೋಬರಿನ ಆಟವೊಂದರಲ್ಲಿ ಟೆಸ್ನಿಗೆ ಎದುರಿನವಳ ಮೊಣಕೈ ಬಡಿಯಿತು. ಎದ್ದಳು, ಚೆನ್ನಾಗಿಯೇ ಆಡಿದಳು. ವಿರಾಮದಲ್ಲಿ ಕಿತ್ತಳೆ ಸುಲಿಯುತ್ತ ನನ್ನನ್ನು ಕೇಳಿದಳು, "ನಾವು ಯಾವ ಕಡೆ ಆಡ್ತಿರೋದು?" ಹೇಳಿದೆ. ಕಿತ್ತಳೆ ತಿಂದು ಮುಗಿಸುವುದರೊಳಗೆ ಮತ್ತೆ ಅದನ್ನೇ ಕೇಳಿದಳು. ಮತ್ತೆ. ಉಳಿದವರು ತಮಾಷೆ ಎಂದುಕೊಂಡು ನಕ್ಕರು. ನಾನು ಅವಳ ಬೂಟಿನ ದಾರ ಬಿಚ್ಚಿದೆ, ಆಡಲು ಬಿಡಲಿಲ್ಲ. ಸೋಮವಾರ ನನ್ನ ವ್ಯಾನಿನಲ್ಲೇ ಡಾಕ್ಟರ ಬಳಿ ಕರೆದೊಯ್ದೆ. ಅಲ್ಲಿ ಗೊತ್ತಾಯಿತು, ಹಿಂದೆಯೂ ಹೀಗಾಗಿತ್ತು, ಕಪ್ ಗೆದ್ದ ದಿನವೂ. ಬಸ್ಸಿನಲ್ಲಿ ಎಲ್ಲರ ಜೊತೆ ಹಾಡಿದವಳಿಗೆ ಮರುದಿನ ಗೆದ್ದದ್ದೇ ನೆನಪಿರಲಿಲ್ಲವಂತೆ. ಈ ವರ್ಷ ಪೂರ್ತಿ ಬೇಡ, ಇನ್ನೊಂದು ಪೆಟ್ಟು ಬಿದ್ದರೆ ಹೇಳಲಾಗದು ಎಂದರು ಡಾಕ್ಟರು.

ವಾಪಸು ಬರುವಾಗ ಅವಳು ಹೇಳಿದಳು, "ಅಮ್ಮನಿಗೆ ಗೊತ್ತಾದ್ರೆ ಮುಗೀತು. ಈ ವರ್ಷ ಮೊದಲನೇ ಸಲ ನೋಡೋಕೆ ಬಂದಿದ್ದಾಳೆ ಮೆರೆ, ಈಗ್ಲೇ ಹೇಳ್ಬೇಡ. ಅಕ್ಕನಿಗೂ ಬೇಡ. ನಾನೇ ಹೇಳ್ತೀನಿ." ನಾನು ಒಪ್ಪಿದೆ. "ಆದ್ರೆ ಯಾರಾದ್ರೂ ನನ್ನ ಕೇಳಿದ್ರೆ, ಸರಿಯಾಗಿದ್ದೀಯ ಅಂತ ನಾನು ಹೇಳಲ್ಲ" ಎಂದೂ ಅಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ.

ಎರಡು ವಾರದ ಮೇಲೆ ಪಟ್ಟಿ ಬಂತು. ಅವಳು ನನ್ನ ಮನೆಗೆ ಓಡಿ ಬಂದು, "ಒಂದೇ ಒಂದು ಆಟ. ಹಾಡಿಗೆ ನಿಂತು, ಐದು ನಿಮಿಷ ಆಡಿ, ಹೊರಗೆ ಬರ್ತೀನಿ. ಆಮೇಲೆ ನೀನು ಹೇಳಿದಷ್ಟು ದಿನ ಮಲಗಿರ್ತೀನಿ" ಎಂದಳು. ಆಮೇಲೆ ದೇಶದ ತಂಡದವರು ಫೋನು ಮಾಡಿ, ಹುಡುಗಿ ಸರಿಯಾಗಿದ್ದಾಳಾ ಎಂದು ಕೇಳಿದರು. "ಇಲ್ಲ" ಎಂದೆ. "ಏನಾಗಿದೆ?" ಎಂದರು. "ಆಡೋ ಸ್ಥಿತಿಯಲ್ಲಿಲ್ಲ, ಅಷ್ಟು ಬರ್ಕೊಳ್ಳಿ" ಎಂದೆ. ಕೆಲಸದ ಮಾತು ಅದಕ್ಕಿಂತ ತಿಂಗಳು ಮೊದಲೇ ಮುಗಿದಿತ್ತು, ಆ ವಾರ ಬಂದದ್ದು ಆದೇಶದ ಕಾಗದ ಮಾತ್ರ. ನೀನು ನಂಬುತ್ತೀಯ ಎಂದುಕೊಳ್ಳುತ್ತೇನೆ.

ಈಗ ನನ್ನ ಮಂಡಿಯ ಕತೆ. ಅದನ್ನು ಯಾರಿಗೂ ಹೇಳಿಲ್ಲ. ಬೆಲ್ಜಿಯಮ್ಮಿಗೆ ಹೋಗುವ ಮೊದಲೇ ಒಳಗಿನ ನಾರು ಹರಿದಿತ್ತು. ಇದ್ವಾಲ್ ನನ್ನ ಮುಖ ನೋಡಿ ಕೇಳಿದ, "ಆಗುತ್ತಾ ಮಗಾ?" "ಆಗುತ್ತೆ" ಎಂದೆ. ಅವನು ಮತ್ತೆ ಕೇಳಲಿಲ್ಲ. ಕೆಟ್ಟವನಲ್ಲ ಅವನು, ನಿನಗೆ ಗೊತ್ತು. ನನಗೆ ಆ ಅಂಗಿ ಎಷ್ಟು ಬೇಕೆಂದು ಬಲ್ಲವನು, ಅದಕ್ಕೇ ಕೇಳಲಿಲ್ಲ. ಮುಂದಿನ ಚಳಿಗಾಲದವರೆಗೂ ಆಡಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಹಾಸಿಗೆಯಲ್ಲಿ ಮಲಗಿ ಒಂದೇ ಯೋಚನೆ: ಯಾರಾದರೂ ಒಬ್ಬರು ನನ್ನನ್ನು ನಂಬದೆ ಇದ್ದಿದ್ದರೆ. ಬೈದು, ಬೂಟು ಕಿತ್ತುಕೊಂಡು, ಮನೆಗೆ ಕಳಿಸಿದ್ದರೆ. ಅವರನ್ನು ನಾನು ಜನ್ಮವಿಡೀ ದ್ವೇಷಿಸುತ್ತಿದ್ದೆ. ಕಾಲು ಉಳಿಯುತ್ತಿತ್ತು.

ಅದಕ್ಕೇ ಫೋನಿನಲ್ಲಿ ಇಲ್ಲ ಎಂದೆ. ದ್ವೇಷಕ್ಕೆ ಸಿದ್ಧಳಾಗಿದ್ದೆ. ಆದರೆ ಅಲ್ಲಿಗೆ ನಿಂತೆ, ನೀನು ಬರೆದದ್ದು ಸರಿ. ಅವಳು ಆಡದಂತೆ ನೋಡಿಕೊಂಡೆ, ಅವಳ ಮಾತನ್ನೂ ಉಳಿಸಿದೆ, ಎರಡೂ ಒಟ್ಟಿಗೆ ಆಗುತ್ತವೆ ಎಂದುಕೊಂಡೆ. ಆಗಲಿಲ್ಲ. ಬಂದು ನಿಮ್ಮಮ್ಮನ ಬಾಗಿಲು ಬಡಿಯಬೇಕಿತ್ತು.

ಕಳೆದ ವಾರ ಬಡಿದೆ. ನಿಮ್ಮಮ್ಮ ಒಳಗೆ ಕರೆದಳು. ಕುರಿಮಾಂಸದ ಸಾರು ಕುದಿಯುತ್ತಿತ್ತು, ಒಂದು ಬಟ್ಟಲು ಇಟ್ಟಳು. "ಅವಳು ನಿನ್ನ ನೋಡಲ್ಲ" ಎಂದಳು. "ಗೊತ್ತು" ಎಂದೆ. "ತಿನ್ನು, ಆರುತ್ತೆ" ಎಂದಳು. ಮಹಡಿಯ ಮೇಲೆ ಟೆಸ್ನಿ ನಡೆಯುವ ಸದ್ದು ಕೇಳುತ್ತಿತ್ತು, ಗೋಡೆಯಿಂದ ಗೋಡೆಗೆ.

ಮೆರೆರಿಡ್


ಟ್ರೆವೆಲಿನ್
16 ಏಪ್ರಿಲ್ 2006

ಮೆರೆ,

ಓದಿದೆ. ಆಲ್ಡೊಗೂ ಓದಿ ಹೇಳಿದೆ. ಅವನು ಅರ್ಧ ಅರ್ಥವಾಗಿ, ಅರ್ಧ ಆಗದೆ ಕೂತಿದ್ದ, ಕೊನೆಗೆ ಎದ್ದು ಹೋಗಿ ಚಹಾ ಕಾಯಿಸಿದ.

ಬೇರೆ ಏನು ಬರೆಯಬೇಕೋ ಗೊತ್ತಿಲ್ಲ. ಟೆಸ್ನಿಗೆ ಕೆಂಪು ಅಂಗಿ ಬೇಕು ಎಂದು ಹದಿನೈದು ವರ್ಷದವಳ ಹೆಗಲಿಗೆ ಹಾಕಿದ್ದು ನಾನು. ಪ್ರತಿ ಫೋನಿನಲ್ಲೂ ಅದನ್ನೇ ಕೇಳುತ್ತಿದ್ದೆ. ತಲೆನೋವಿನ ವಿಷಯ ನನಗೆ ಹೇಗೆ ಹೇಳಿಯಾಳು? ಈಗ ಫೋನು ಮಾಡಿದರೆ ಏನು ತಿಂದೆ ಎಂದು ಮಾತ್ರ ಕೇಳುತ್ತೇನೆ.

ಮೊನ್ನೆ ಅವಳೇ ಕೇಳಿದಳು, "ಮೆರೆರಿಡ್ ನಿಂಗೆ ಬರೀತಾಳಾ?" ಹೌದು ಎಂದೆ. "ಓಹೋ" ಎಂದಳು. ಅಷ್ಟೇ. ನಿನಗೆ ತಿಳಿದಿರಲಿ ಎಂದು ಬರೆದೆ.

ಬರೆಯುವುದನ್ನು ನಿಲ್ಲಿಸಬೇಡ.

ಶುವಾನ್


ಕುಮ್ ಲೆಖಿ
22 ಅಕ್ಟೋಬರ್ 2006

ನನ್ನ ಶುವಾನ್,

ದೇಶದ ತಂಡದ ಕೆಲಸದ ನಡುವೆಯೂ ಮಂಗಳವಾರದ ಅಭ್ಯಾಸವನ್ನು ನಾನೇ ನಡೆಸುತ್ತೇನೆ, ಹನ್ನೆರಡು ಹದಿಮೂರರ ಹುಡುಗಿಯರಿಗೆ. ಈಗ ಹುಡುಗರ ತಂಡದಿಂದ ಹೊರಬಿದ್ದವರಿಗೆ ಬರಲು ಒಂದು ಜಾಗವಿದೆ. ಎತ್ತರದ ಚೆಂಡಿಗೆ ತಲೆ ಕೊಡುವುದನ್ನು ಅವರಿಗೆ ಕಲಿಸುವುದಿಲ್ಲ. ಕೆಲವು ಅಪ್ಪಂದಿರು ಗೊಣಗುತ್ತಾರೆ, ಗೊಣಗಲಿ.

ಮೊನ್ನೆ ಮಂಗಳವಾರ ಸಣ್ಣ ಮಳೆ. ಕಲ್ಲುಗೋಡೆಯ ಹತ್ತಿರ ಟೋಪಿ ಎಳೆದುಕೊಂಡು ಯಾರೋ ನಿಂತಿದ್ದರು. ಯಾವುದೋ ಮಗುವಿನ ಅಕ್ಕ ಇರಬೇಕು ಎಂದುಕೊಂಡೆ. ಟೆಸ್ನಿ ಎಂದು ಗೊತ್ತಾದಾಗ ಬಾಯಲ್ಲಿದ್ದ ಸೀಟಿ ಊದುವುದು ಮರೆತೆ. ಹತ್ತಿರ ಹೋಗಲಿಲ್ಲ. ಹೋದರೆ ಹೊರಟುಹೋದಾಳು ಎಂದು ಹೆದರಿ, ಹುಡುಗಿಯರಿಗೆ ಬೇಡವಾದದ್ದನ್ನೆಲ್ಲ ಗಟ್ಟಿಯಾಗಿ ವಿವರಿಸುತ್ತ ಬೆನ್ನು ಹಾಕಿ ನಿಂತೆ.

ಸ್ವಲ್ಪ ಹೊತ್ತಿಗೆ ಅವಳೇ ಗೆರೆಯವರೆಗೆ ಬಂದಳು. ತೆಳ್ಳಗಾಗಿದ್ದಾಳೆ. ಮಾತು ನಿಧಾನ, ಶಬ್ದ ಹುಡುಕಿ ಹುಡುಕಿ ಆಡುತ್ತಾಳೆ. ಹೇಗಿದ್ದೀಯ ಎಂದು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

"ಆ ಹಿಂದಿನವಳು," ಎಂದಳು, "ಜಡೆಯವಳು. ಚೆಂಡನ್ನೇ ನೋಡ್ತಾಳೆ. ಆಳನ್ನ ನೋಡಲ್ಲ."

"ಹೇಳಿದೀನಿ. ಕೇಳಲ್ಲ."

"ಬಾಯಲ್ಲಿ ಹೇಳಿದ್ರೆ ಹೇಗೆ ಕೇಳ್ತಾಳೆ?"

"ಮತ್ತೆ ಹೆಂಗೆ ಹೇಳ್ಲಿ?"

ಅವಳು ಹೊರಗಿನ ಬೂಟಿನಲ್ಲೇ ಆ ಕೆಸರಿಗೆ ಇಳಿದು ನಡೆದುಹೋದಳು. ಜಡೆಯ ಹುಡುಗಿಯ ಎರಡೂ ಭುಜ ಹಿಡಿದು ಮೈಯನ್ನು ಸ್ವಲ್ಪ ಓರೆಗೆ ತಿರುಗಿಸಿದಳು, ಚೆಂಡು ಒಂದು ಕಣ್ಣಿಗೆ, ಆಳು ಇನ್ನೊಂದು ಕಣ್ಣಿಗೆ ಕಾಣುವ ಹಾಗೆ. ಏನೋ ಅಂದಳು, ನನಗೆ ಕೇಳಿಸಲಿಲ್ಲ. ಮುಂದಿನ ಸಲ ಚೆಂಡು ಬಂದಾಗ ಆ ಹುಡುಗಿ ಓಡಲಿಲ್ಲ, ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಚೆಂಡು ಅವಳ ಕಾಲಿಗೇ ಬಂತು. ಅವಳಿಗೇ ಆಶ್ಚರ್ಯವಾಗಿ ಅದನ್ನು ಕಾಲಡಿಯಲ್ಲಿ ಹಾಗೇ ಹಿಡಿದು ನಿಂತುಬಿಟ್ಟಳು.

ಟೆಸ್ನಿ ತಲೆ ಹಿಡಿದುಕೊಂಡು ವಾಪಸು ಬಂದಳು. ಕೂಗಾಟ ಕೇಳಿದರೆ ಈಗಲೂ ಅವಳಿಗೆ ನೋವು. "ಮುಂದಿನ ಮಂಗಳವಾರ ಬರ್ತೀಯಾ?" ಎಂದೆ.

"ಗೊತ್ತಿಲ್ಲ."

"ಬಂದ್ರೆ ಬಾ."

"ನಿನ್ನ ಮೇಲೆ ಇನ್ನೂ ಸಿಟ್ಟಿದೆ ನನಗೆ."

"ಇರಲಿ."

ಗೋಡೆ ದಾಟಿ ಹೋದಳು. ಶುವಾನ್, ಬರುತ್ತಾಳೆ ಎಂದು ನಾನು ನಿನಗೆ ಮಾತು ಕೊಡಲಾರೆ. ತಿರುಗಿಯೂ ನೋಡಲಿಲ್ಲ ಅವಳು. ಆದರೆ ಹೋಗುವ ಮೊದಲು ಒಂದು ಗಳಿಗೆ ನಿಂತು ಆ ಜಡೆಯ ಹುಡುಗಿಯ ಹೆಸರು ಕೇಳಿದಳು. ಹೇಳಿದೆ. ಮರೆತುಹೋಗದಿರಲೆಂದೋ ಏನೋ, ಅದನ್ನೇ ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಇಳಿಜಾರು ಇಳಿದುಹೋದಳು.

ಮೆರೆರಿಡ್